ಮೂಲ ಫೈಲು

ಬಸ್ಸಿನಲ್ಲಿ, ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ನರ್ಸಮ್ಮನ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಕೊರಳಲ್ಲಿ ದಪ್ಪ ಹೆಡ್‌ಫೋನು. ಬೇಡವೆಂದರೂ ನರ್ಸಮ್ಮನ ಕಿವಿಗೆ ಮಾತು ಬೀಳುತ್ತಿತ್ತು.

“ಹಾಡಿಗೆ ಕೊನೇ ಹದ ಕೊಡೋ ಮಾಸ್ಟರಿಂಗ್‌ಗೆ ಎಂಪಿತ್ರೀ ಕೊಟ್ಟಿದ್ದೀಯಲ್ಲೋ.”

“ಪೂರ್ತಿ ಸದ್ದಿರೋ ವೇವ್ ಫೈಲೇ ಅಲ್ವೇನಕ್ಕ?”

“ಎಂಪಿತ್ರೀನೇ ವೇವ್ ಮಾಡಿದ್ದೀಯ. ಎಂಪಿತ್ರೀಗೆ ಕುಗ್ಗಿಸುವಾಗ ಒಂದ್ಸಲ ಕಿತ್ತುಹೋದ ಸದ್ದು ವಾಪಸ್ ಬರುತ್ತಾ? ನಿನ್ನ ಸಿಂಥಸೈಜರ್ ತಗಡು ಬಡಿದಂಗಿದೆ.”

“ನಾಳೆ ಬಿಡುಗಡೆ. ಹೇಗಾದ್ರೂ ಸರಿಮಾಡು.”

“ನನ್ನ ಹೆಸರಲ್ಲಿ ಇಂಥದ್ದು ಹೊರಗೆ ಹೋಗಲ್ಲ. ಮೂಲ ಫೈಲ್ ಎಲ್ಲಿ?”

ತಮ್ಮ ಕಿಟಕಿ ಕಡೆ ತಿರುಗಿದ. “ಭಾವನ ಕಂಪ್ಯೂಟರಲ್ಲಿ.”

“ನಾನು ಆ ಮನೆ ಬಿಟ್ಟ ಮೇಲೂ ಹೋಗ್ತಿದ್ಯಾ?”

“ಹಾಡು ಕಟ್ಟಿದ್ದೇ ಅಲ್ಲಿ.”

“ಹೋಗಿ ಇಸ್ಕೊಂಡು ಬಾ.”

“ಕೇಳಿದೆ. ‘ನಿಮ್ಮಕ್ಕ ಬಂದು ಕೇಳಲಿ, ಕೊಡ್ತೀನಿ’ ಅಂದ್ರು.”

ಬಸ್ಸು ನಿಂತಿತು. ಅಕ್ಕ ಎದ್ದು ಹೆಡ್‌ಫೋನು ಕಿವಿಗೇರಿಸಿಕೊಂಡಳು.

“ಬಿಡು. ಇದನ್ನೇ ಮಾಸ್ಟರ್ ಮಾಡ್ತೀನಿ,” ಎಂದು ಇಳಿದುಹೋದಳು.