ಒಂದೇ ಹಾಸಿಗೆ, ಇಬ್ಬರು ರೋಗಿಗಳು

ಬಂದ್ಯೋಡಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಹುಡುಗಿಯರು ಕೂತಿದ್ದರು. ಡಯಾಲಿಸಿಸ್ ಕೇಂದ್ರವೊಂದಕ್ಕೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬುಕಿಂಗ್ ಆ್ಯಪ್ ಮಾಡಿಕೊಟ್ಟವರು ಅಂತ ಅವರ ಮಾತಿನಿಂದ ತಿಳಿಯಿತು.

“ಒಂದೇ ಹಾಸಿಗೆ ಇಬ್ಬರಿಗೆ ಹೇಗೆ ಹೋಯ್ತು ಎಲ್ವಿಟಾ? ಕೋಡಿನಲ್ಲಿ ರನ್ನಬಲ್ ಇಂಟರ್‌ಫೇಸ್ ಹಾಕಿದ್ದೆಯಲ್ಲ?”

“ಅದರಿಂದ ಎರಡು ಥ್ರೆಡ್, ಅಂದ್ರೆ ಇಬ್ಬರ ಬುಕಿಂಗ್ ಕೆಲಸ, ಒಟ್ಟಿಗೆ ಓಡ್ತದೆ, ಅಷ್ಟೆ. ಎರಡಕ್ಕೂ ಹಾಸಿಗೆ ಖಾಲಿ ಕಂಡಿತು ಸುಪ್ರೀತಾ.”

“ಕೋಡಿನ ಬುಕಿಂಗ್ ಕ್ಲಾಸಿನ ಮೆಥಡ್‌ಗೆ ಸಿಂಕ್ರೊನೈಸ್ಡ್ ಅಂತ ಹಾಕಿದ್ರೆ ಒಂದು ಬುಕಿಂಗ್ ಮುಗಿಯುವವರೆಗೆ ಇನ್ನೊಂದು ಕಾಯ್ತಿತ್ತು.”

“ಹೌದು. ನಾವಿಬ್ಬರೂ ನೋಡ್ಲಿಲ್ಲ.”

“ಹಾಸಿಗೆ ಇಲ್ಲ ಅಂತ ವಾಪಸ್ ಕಳಿಸಿದ ದೇಲಂಪಾಡಿಯ ಆ ಅಮ್ಮ ಹೇಗಿದ್ದಾರೆ?”

“ಡಯಾಲಿಸಿಸ್ ತಪ್ಪಿ ಐಸಿಯುವಿನಲ್ಲಿ. ಕೇಂದ್ರದವರು ತಪ್ಪು ನರ್ಸಿನದ್ದು ಅಂತ ಅವಳಿಗೆ ಬೈತಾ ಇದ್ದಾರೆ.”

“ತಪ್ಪು ನಮ್ಮದು ಅಂತ ಹೇಳಿದ್ರೆ ಮತ್ತೆ ನಮಗೆ ಯಾರು ಕೆಲಸ ಕೊಡ್ತಾರೆ ಮಾರಾಯ್ತಿ?”

ಕಾಸರಗೋಡಿನ ಬಸ್ಸು ಬಂದಾಗ ಎಲ್ವಿಟಾ ಎದ್ದಳು.

“ಇದು ಮನೆ ಕಡೆಯ ಬಸ್ಸಲ್ಲ!”

“ಕೇಂದ್ರ ಆ ಕಡೆಯಲ್ಲಿ ಉಂಟಲ್ಲ.”

ಸುಪ್ರೀತಾ ಅಳುಮುಖದಲ್ಲಿ ಒಂದು ಕ್ಷಣ ನಿಂತಳು. ಬಸ್ಸು ಹೊರಡುತ್ತಿದ್ದಂತೆ ಓಡಿ ಹತ್ತಿದಳು.