ಮೂರನೆಯ ಕೂಗು

ಫೆಲಿಸಿನ್ ಯಾರೆಂದರೆ, ಗುಡ್ಡದ ಮೇಲೆ ನಮ್ಮ ಪಕ್ಕದ ಜೋಪಡಿಯವಳು. ಕೆಳಗೆ ಕಡಲಂಚಿನ ನಮ್ಮ ಕಾಪ್ ಪಟ್ಟಣ ಸುಟ್ಟು ವಾರವಾಗಿರಬೇಕು... ಬೂದಿ ಇನ್ನೂ ಬಿಸಿಯಾಗಿತ್ತು. ಒಂದು ರಾತ್ರಿ ಅವಳು ಮನೆಗೆ ಹೊರಟಳು. ಮನೆ ಎಲ್ಲಿತ್ತು ಅನ್ನಿ. ಆದರೂ ಬಾಯಿಗೆ ಬರುವ ಮಾತು ಅದೇ ತಾನೆ?

ಜೊತೆಗೆ ಬಂದವನು ನೆರೆಯ ಬಡಗಿ ಜೆಫಿರಿನ್. ಸಂತೆಚೌಕದ ಬಾವಿ ದಾಟುವಾಗ ಇಬ್ಬರೂ ಉಸಿರು ಬಿಗಿಹಿಡಿದರು. ಸತ್ತವರ ಭಯಕ್ಕಲ್ಲ. ಹಡಗಿನಿಂದಿಳಿದ ಫ್ರೆಂಚ್ ಸಿಪಾಯಿಗಳು ಅಲ್ಲೆಲ್ಲೋ ಕಾವಲಿದ್ದರು. ಉಗ್ರಾಣಗಳಿಂದ ಹರಿದ ಸಕ್ಕರೆ ಪಾಕ ಬೀದಿಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತ್ತು. ಕಾಲಿಟ್ಟರೆ ಚಟ್... ಚಟ್...

"ಮೆಲ್ಲಗೆ ಕಣಮ್ಮ," ಅಂದ ಜೆಫಿರಿನ್. "ಸಕ್ಕರೆ ತುಳಿದು ಗುಂಡೇಟು ತಿಂದ್ರು ಅಂತ ನಗ್ತಾರೆ ಜನ."

"ಅವ್ವ ಗಾಡಿಯಿಂದ ಇಳಿದು ವಾಪಸ್ಸು ಬಂದಿದ್ರೆ... ಅಣ್ಣ?"

"ನಿಮ್ಮವ್ವ ದೆವ್ವ ಆಗಿದ್ರೆ ಇಷ್ಟೊತ್ತಿಗೆ ನನ್ನ ಕೈಲಿ ಸೌದೆ ಒಡೆಸ್ತಿದ್ಳು. ಗಾಡೀಲಿ ಹೋದಳು ಅಂದ್ರಲ್ಲ ಎಲ್ಲರೂ?"

ಅಂದವರು ಹಲವರು. ಗಾಡಿ ಗುಡ್ಡ ಮುಟ್ಟುವಾಗ ಅವಳನ್ನು ಅದರಲ್ಲಿ ಕಂಡವರು ಒಬ್ಬರೂ ಇಲ್ಲ.

ಹಡಗುಗಳು ಕಾಣಿಸಿಕೊಂಡ ದಿನ ನಮ್ಮ ದಂಡನಾಯಕನಿಂದ ಅಪ್ಪಣೆಯಾಗಿತ್ತು. ಮತ್ತೆ ನಮ್ಮನ್ನು ಗುಲಾಮರಾಗಿಸಿ ಸಂಕೋಲೆ ತೊಡಿಸಲು ಬರುವವರಿಗೆ ಬೂದಿ ಬಿಟ್ಟು ಬೇರೇನೂ ಸಿಗಬಾರದು; ಅವರವರ ಮನೆಗೆ ಅವರವರೇ ಕೊಳ್ಳಿ ಇಡಬೇಕು. ಫೆಲಿಸಿನ್ ತನ್ನ ಅವ್ವ ಒರೆಲಿಯನ್ನು ಗುಡ್ಡಕ್ಕೆ ಹೊರಟ ಗಾಡಿ ಹತ್ತಿಸಿದಳು. ಕತ್ತಲಾದ ಮೇಲೆ ಬಾಗಿಲಿಗೆ ರಮ್ಮು ಚೆಲ್ಲಿ ಬೆಂಕಿ ಇಟ್ಟಳು. ತೊಲೆಗಳು ಲಟಲಟನೆ ಸಿಡಿಯುವಾಗ ಒಳಗಿಂದ ಯಾರೋ ಕರೆದರು.

"ಫೆಲಿಸೀ..."

ಮತ್ತೊಮ್ಮೆ. "ಫೆಲಿಸೀ..."

ಅವಳು ಓಗೊಡಲಿಲ್ಲ. ನಮ್ಮಲ್ಲಿ ಯಾವ ಮಗುವೂ ಓಗೊಡುವುದಿಲ್ಲ. ಇರುಳಲ್ಲಿ ಸತ್ತವರು ಎರಡು ಸಲ ಮಾತ್ರ ಕರೆಯಬಲ್ಲರು. ಮೂರನೆಯ ಕೂಗು ಬದುಕಿದವರದು. ಅದು ಬರುವ ಮುಂಚೆ ಓಗೊಟ್ಟರೆ ನಿಮ್ಮ ಜೀವ ಅವರ ಹಿಂದೆ ಹೋಯಿತು ಅಂತಲೇ. ಫೆಲಿಸಿನ್ ಮೂರನೆಯದಕ್ಕೆ ಕಾದಳು. ಚಾವಣಿ ದಢಾರನೆ ಕುಸಿಯಿತು.

ಮೂರನೆಯದು ಬರಲಿಲ್ಲ.

ಯಾರೋ ಸತ್ತವರೇ ಇರಬೇಕು ಅಂದುಕೊಂಡು ಗುಡ್ಡ ಹತ್ತಿದಳು. ಗುಡ್ಡದ ಮೇಲೆ ಅವ್ವ ಇರಲಿಲ್ಲ. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಹೆತ್ತವಳಿಗೆ ಜೀವಂತ ಕೊಳ್ಳಿ ಇಟ್ಟೆನೋ, ಇಲ್ಲವೋ... ಅಷ್ಟು ತಿಳಿದರೆ ಸಾಕಿತ್ತು.

ಗೋಡೆಯ ಬುಡ ಸಿಕ್ಕಿತು. ಇಬ್ಬರೂ ಕೈಯಿಂದಲೇ ಬೂದಿ ಕೆದಕಿದರು. ಮೂಳೆಯ ಚೂರೂ ಇಲ್ಲ. ಸಿಕ್ಕರೆ ಹೊತ್ತೊಯ್ಯಲು ತಂದ ಚಾಪೆ, ಬಿದಿರು, ಹಗ್ಗ ಪಕ್ಕದಲ್ಲಿ ಬಿದ್ದಿದ್ದವು.

"ನೋಡಿದ್ಯಾ, ಯಾರೂ ಇಲ್ಲ. ನಡಿ ಇನ್ನು," ಅಂದ ಜೆಫಿರಿನ್.

ಆಗ...

"ಫೆಲಿಸೀ..."

ಒಲೆಯಿದ್ದ ಮೂಲೆಯಿಂದ. ದನಿ ಒಣಗಿತ್ತು, ಹೊಗೆ ಕುಡಿದವರ ದನಿಯ ಹಾಗೆ. ಜೆಫಿರಿನ್ ಅವಳ ಬಾಯಿ ಮುಚ್ಚಿದ.

"ಫೆಲಿಸೀ..."

"ಬಾಯಿ ಬಿಡಬೇಡ ತಾಯಿ. ಮೂರನೇದು ಬರಲಿ."

ಅವಳು ಅವನ ಕೈ ಸರಿಸಿದಳು. "ಆವತ್ತೂ ಹಾಗೇ ಕಾದೆ ಅಣ್ಣ."

ಆಮೇಲೆ ಮನೆಯೊಳಗೆ ಕೂಗಿದಷ್ಟೇ ಸಲೀಸಾಗಿ, "ಏನವ್ವಾ... ಇಲ್ಲಿದೀನಿ, ಬಾ," ಅಂದಳು.

ಏನೂ ಆಗಲಿಲ್ಲ. ಎಲ್ಲೋ ಒಂದು ಹೆಂಚು ಟಪ್ ಅಂತ ಬಿತ್ತು. ಅವಳು ಆ ಮೂಲೆಯಲ್ಲಿ ಚಾಪೆ ಹಾಸಿದಳು. ಸ್ವಲ್ಪ ಹೊತ್ತು ಕಾದಳು. ಮೆಲ್ಲಗೆ ಸುತ್ತಿ, ಎರಡೂ ಕಡೆ ಹಗ್ಗ ಬಿಗಿದು ಬಿದಿರಿಗೆ ತೂಗುಹಾಕಿದಳು.

"ಬರೀ ಚಾಪೆ ಹೊರೋಕೆ ನಾನು ಬೇರೆ ಬೇಕಾ?" ಗೊಣಗುತ್ತಲೇ ಜೆಫಿರಿನ್ ಹೆಗಲು ಕೊಟ್ಟ. ಎತ್ತಿದವನು ಬಿದಿರಿನಡಿ ಇನ್ನೊಂದು ಕೈಯನ್ನೂ ಕೊಟ್ಟ. ಬಾವಿಯ ಹತ್ತಿರ ಬಿದಿರು ಕಿರ್ರ್... ಅಂತ ಬಾಗಿತು. ಹೆಗಲು ಬದಲಿಸಿದರು. ಗುಡ್ಡದ ಬುಡದಲ್ಲಿ ಮತ್ತೆ ಬದಲಿಸಿದರು. ಅವಳ ಜೀವ ಹೋಗುತ್ತದೆ ಅಂತ ಅವನು ದಾರಿಯುದ್ದಕ್ಕೂ ಅವಳ ಉಸಿರನ್ನೇ ಆಲಿಸುತ್ತ ಬಂದ. ಹೋಗಲಿಲ್ಲ. ಬೆಳಕು ಹರಿಯುವಾಗ ಮೇಲೆ ತಲುಪಿ, ಅವಳು ಅತ್ತಳು, ಮೊದಲ ಸಲ.

ಗುಂಡಿ ತೋಡಿದೆವು. ಚಾಪೆ ಇಳಿಸಲು ನಾಲ್ಕು ಗಂಡಾಳುಗಳು ಬೇಕಾದರು; ಹಗ್ಗ ಅವರ ಅಂಗೈ ಕೊಯ್ದಿತ್ತು. ಸುಳ್ಳಲ್ಲ. ಮಣ್ಣು ಹಾಕುವ ಮುಂಚೆ ನಾನೇ ಬಗ್ಗಿ ಚಾಪೆಯ ಸುರುಳಿಯೊಳಗೆ ನೋಡಿದೆ... ಆಚೆ ತುದಿಯ ಬೆಳಕು ನೇರವಾಗಿ ಕಾಣುತ್ತಿತ್ತು.