ಅರ್ಧಕ್ಕೆ ನಿಂತ ನಕ್ಷೆ

ಬಸ್ಸಿನ ಸರತಿಯಲ್ಲಿ ದರ್ಜಿ ಹೆಂಗಸಿನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

"ತೀರಿಹೋದ ಗಂಡನ ಕಂಪ್ಯೂಟರ್ ಯಾಕೆ ಮುಟ್ಟೋಕೆ ಹೋದೆ?"

"ಮನಸ್ಸು ತಡೀಲಿಲ್ಲ ಅಕ್ಕ. ಆನ್ ಮಾಡಿದ್ರೆ, ಮನೆಯಿಂದ್ಲೇ ಕೆಲ್ಸ ಮಾಡೋಕೆ ಅವರು ಜೋಡಿಸಿಟ್ಟಿದ್ದ ಆಫೀಸ್ ಕಂಪ್ಯೂಟರಿನ ಪರದೆ ತೆರ್ಕೊಳ್ತು. ಅವರು ಬರೀತಿದ್ದ ಮನೆ ನಕ್ಷೆ, ಅರ್ಧಕ್ಕೇ ನಿಂತಿದೆ. ನೋಡ್ತಿದ್ದ ಹಾಗೇ ಮೌಸಿನ ಬಾಣದ ಗುರುತು ತಾನಾಗೇ ಓಡಾಡ್ತು."

"ಆಫೀಸಲ್ಲಿ ಬೇರೆ ಯಾರೋ ಕೂತಿರ್ತಾರೆ ಕಣೆ."

"ಗೊತ್ತು. ಆದ್ರೂ ನಕ್ಷೆ ಮೇಲೇ 'ರೀ' ಅಂತ ಟೈಪ್ ಮಾಡ್ಬಿಟ್ಟೆ."

"ಅಯ್ಯೋ! ಆಮೇಲೆ?"

"ಬಾಣ ನಿಂತ್ಹೋಯ್ತು. ಕೆಳಗೆ ಅಕ್ಷರ ಮೂಡ್ತು: 'ನಾನು ಅವರ ಜಾಗಕ್ಕೆ ಬಂದವನು ಮೇಡಂ. ನೀವು ನೋಡ್ತಾ ಇರಿ, ನಾನು ಮುಟ್ಟಲ್ಲ.'"

"ನೋಡಿದ್ಯಾ?"

"ಕಣ್ತುಂಬ ನೋಡ್ದೆ. ಮಲಗೋ ಕೋಣೆಗೆ ಇನ್ನೂ ಬಾಗಿಲೇ ಇಟ್ಟಿರ್ಲಿಲ್ಲ, ಅಕ್ಕ."

ಬಸ್ಸು ಬಂತು. ಅಕ್ಕ ತಂಗಿಯ ತೋಳು ಹಿಡಿದು ಹತ್ತಿಸಿದಳು. ಅದು ಹೊರಟುಹೋದ ಮೇಲೆಯೇ, ತಾನು ಹತ್ತಬೇಕಾದದ್ದೂ ಅದನ್ನೇ ಎಂಬುದು ದರ್ಜಿಗೆ ನೆನಪಾದದ್ದು.